‘ಡಿ ಡ್ರೈವ್‌ನಲ್ಲಿ ಇದೆ, ಸೇಫ್’: ಒಂದು ನಂಬಿಕೆಯ ಚರಿತ್ರೆ

ಇವತ್ತಿನ ಕಥೆ ಶುರುವಾಗೋದು ನಾಗರಬಾವಿ ಪಕ್ಕದ ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಯಿಂದ. ಎಸ್.ಪಿ. ರಸ್ತೆಯಲ್ಲಿ ಒಂದೊಂದೇ ಬಿಡಿಭಾಗ ಆರಿಸಿ ಜೋಡಿಸಿಕೊಂಡು ತಂದ ಕಂಪ್ಯೂಟರ್ ಅದು. ವಿಂಡೋಸ್ ಎಕ್ಸ್‌ಪಿ ಕಾಲ. ಅಜ್ಜಿ ಹೇಳ್ತಿದ್ದ ಹಾಡು, ಒಗಟುಗಳನ್ನ ಅಪ್ಪ ರಾತ್ರಿ ಕೂತು ‘ನುಡಿ’ಯಲ್ಲಿ ಟೈಪ್ ಮಾಡ್ತಿದ್ರು.

ಒಂದು ಸಂಜೆ ಕರೆಂಟ್ ಹೋಗಿ ಬಂತು. ವಿಂಡೋಸ್ ತೆರೆಯಲೇ ಇಲ್ಲ. ರಿಪೇರಿಗೆ ಬಂದ ಹುಡುಗ ಕೇಳಿದ್ದು ಒಂದೇ ಪ್ರಶ್ನೆ: “ಅಂಕಲ್, ಡೇಟಾ ಡಿ ಡ್ರೈವ್‌ನಲ್ಲಿ ಇದೆ ತಾನೇ? ಸಿ ಫಾರ್ಮ್ಯಾಟ್ ಮಾಡ್ಬಿಡ್ಲಾ?” ಮಾಡಿದ. ಅಜ್ಜಿಯ ಹಾಡು ಉಳಿದವು. ಅವತ್ತಿಂದ ನಮ್ಮನೆಯಲ್ಲಿ ಡಿ ಡ್ರೈವ್ ಅಂದ್ರೆ ಬ್ಯಾಂಕ್ ಲಾಕರ್.

ಆದ್ರೆ ಸಿ, ಡಿ ಎರಡೂ ಇದ್ದದ್ದು ಒಂದೇ ಹಾರ್ಡ್ ಡಿಸ್ಕ್‌ನಲ್ಲಿ. ಒಂದೇ ಮನೆಯ ಎರಡು ಕೋಣೆ ಇದ್ದ ಹಾಗೆ. ಮನೆಯೇ ಬಿದ್ರೆ?

ಕಂಪ್ಯೂಟರ್‌ನಲ್ಲೇ ಒಂದು ಉಪಾಯ ಇತ್ತು. 2000ದಲ್ಲಿ ಬಂದ ವಿಂಡೋಸ್ ಎಂಇ ಜೊತೆ ಮೈಕ್ರೋಸಾಫ್ಟ್ ‘ಸಿಸ್ಟಮ್ ರಿಸ್ಟೋರ್’ ಕೊಟ್ಟಿತು. 2001ರ ಎಕ್ಸ್‌ಪಿಯಲ್ಲೂ ಅದು ಮುಂದುವರಿಯಿತು. ಯಾವುದೋ ಡ್ರೈವರ್ ಹಾಕಿ ಕಂಪ್ಯೂಟರ್ ಕೆಟ್ಟರೆ, ಹಿಂದಿನ ದಿನದ ಸ್ಥಿತಿಗೆ ವಾಪಸ್ ಹೋಗಬಹುದು. ಆದರೆ ಅದು ಕಾಪಾಡೋದು ಸಿಸ್ಟಮ್ ಫೈಲ್, ರಿಜಿಸ್ಟ್ರಿ, ಪ್ರೋಗ್ರಾಂಗಳನ್ನ. ನಿಮ್ಮ ಪತ್ರ, ಫೋಟೋ ಅದರ ಲೆಕ್ಕದಲ್ಲಿಲ್ಲ. ಮೇಲಾಗಿ ಆ ಪ್ರತಿಯೂ ಕೂತಿರೋದು ಅದೇ ಡಿಸ್ಕ್‌ನಲ್ಲಿ.

ಎರಡು ವರ್ಷ ಆದಮೇಲೆ ಡಿಸ್ಕ್ ‘ಟಕ್ ಟಕ್’ ಅಂತ ಸದ್ದು ಮಾಡಿ ನಿಂತೇ ಹೋಯ್ತು. ಅಷ್ಟೊತ್ತಿಗೆ ಅಜ್ಜಿಯೂ ಇರಲಿಲ್ಲ.

ಇಲ್ಲಿ ಸಾವಿರ ವರ್ಷ ಹಿಂದೆ ಹೋಗೋಣ. ಪೊನ್ನ ಕವಿಯ ‘ಶಾಂತಿಪುರಾಣ’ವನ್ನು ದಾನಚಿಂತಾಮಣಿ ಅತ್ತಿಮಬ್ಬೆ ತಾಳೆಗರಿಯಲ್ಲಿ 1000 ಪ್ರತಿ ಬರೆಸಿ ಹಂಚಿದಳು. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ್ದೂ ಇವಳೇ. ಅವಳ ಉದ್ದೇಶ ಶಾಸ್ತ್ರದಾನ. ಆದ್ರೆ ಪರಿಣಾಮ ನೋಡಿ: ತಾಳೆಗರಿಗೆ ಗೆದ್ದಲು, ಬೆಂಕಿ, ನೀರು ಎಲ್ಲವೂ ಶತ್ರು. ಒಂದು ಊರಲ್ಲಿ ಹುಳ ತಿಂದ್ರೂ ಇನ್ನೊಂದು ಊರಲ್ಲಿ ಕಾವ್ಯ ಇರುತ್ತೆ. ಪ್ರತಿ ಎಷ್ಟು ಅನ್ನೋದರಷ್ಟೇ ಮುಖ್ಯ, ಎಲ್ಲೆಲ್ಲಿ ಅನ್ನೋದು.

ನಮಗೂ ಒಂದು ‘ಇನ್ನೊಂದು ಊರು’ ಇತ್ತು. ಮೈಸೂರಿನ ಅತ್ತೆ ಓದೋಕೆ ಅಂತ ಕೇಳಿದ್ದಕ್ಕೆ ಅಪ್ಪ ಯಾವಾಗಲೋ ಒಂದು ಸಿಡಿ ಬರೆದು ಕೊಟ್ಟಿದ್ರು. ಅದನ್ನ ತರಿಸಿ ಹೊಸ ಡಿಸ್ಕ್‌ಗೆ ಹಾಕಿದ್ವಿ. ತೆರೆದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳು! ಆಗಿನ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡ ಕೂರಿಸ್ತಿದ್ವು. ಫಾಂಟ್ ಇಲ್ಲದಿದ್ರೆ ಕನ್ನಡವೂ ಇಲ್ಲ. ನುಡಿ ಮತ್ತೆ ಹಾಕಿದ ಮೇಲೆ ಅಜ್ಜಿಯ ಹಾಡು ವಾಪಸ್ ಬಂದವು. ಅಪ್ಪ ಆಮೇಲೆ ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿದ್ರು.

ಎಲ್ಲವೂ ಬರಲಿಲ್ಲ. ಸಿಡಿ ಬರೆದ ಮೇಲೆ ಟೈಪ್ ಮಾಡಿದ್ದು ಹೋಯ್ತು. ಕೇಳಿ ಮತ್ತೆ ಬರೆಯೋಣ ಅಂದ್ರೆ ಹೇಳೋರೇ ಇಲ್ಲ.

ಈಗ ನಿಮ್ಮ ಫೋನ್ ತೆಗೀರಿ. “ಗೂಗಲ್ ಫೋಟೋಸ್‌ನಲ್ಲಿ ಇದೆ, ಸೇಫ್” ಅಂತೀರಿ. ಬ್ಯಾಕಪ್ ಆದ ಫೋಟೋನ ಆ ಆ್ಯಪ್‌ನಲ್ಲಿ ಅಳಿಸಿದ್ರೆ ಕ್ಲೌಡ್‌ನಿಂದಲೂ ಹೋಗುತ್ತೆ. ಕೆಲವು ದಿನ ಟ್ರ್ಯಾಶ್‌ನಲ್ಲಿ ಇರುತ್ತೆ, ಅಷ್ಟೇ. ಇದು ನಮ್ಮ ಕಾಲದ ಡಿ ಡ್ರೈವ್.

ಹಾಗಾಗಿ ಮೂರು ಮಾತು. ಒಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಇರಲಿ. ಅದನ್ನ ಆಗಾಗ ಹೊಸದು ಮಾಡಿ. ವರ್ಷಕ್ಕೊಮ್ಮೆಯಾದ್ರೂ ತೆರೆದು ಓದಿ ನೋಡಿ. ತೆರೆಯಲಾಗದ ಬ್ಯಾಕಪ್, ಬ್ಯಾಕಪ್ಪೇ ಅಲ್ಲ.

ಅತ್ತೆ ಮನೆಯ ಆ ಸಿಡಿ ಈಗಲೂ ನನ್ನ ಹತ್ರ ಇದೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.