ತಾಳೆಯಾದ ಲೆಕ್ಕದಲ್ಲೂ ತಪ್ಪಿರಬಹುದು

ಬಿ.ಕಾಂ. ಓದಿದವರಿಗೆ ಈ ಸಂಕಟ ಗೊತ್ತು. ಒಂದು ಗಂಟೆ ಕೂತು ಲೆಕ್ಕ ಬಿಡಿಸಿದ ಮೇಲೆ ತಾಳೆಪಟ್ಟಿಯ ಡೆಬಿಟ್ಟು ಕ್ರೆಡಿಟ್ಟು ಕೂಡುವುದಿಲ್ಲ. ತರಗತಿಯಲ್ಲಿದ್ದರೆ ಮೇಷ್ಟ್ರನ್ನು ಕೇಳಬಹುದು. ಹಗಲೆಲ್ಲ ಅಂಗಡಿಯಲ್ಲಿ ದುಡಿದು ರಾತ್ರಿ ಪುಸ್ತಕ ತೆರೆಯುವವರು ಯಾರನ್ನು ಕೇಳಬೇಕು? ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಅದರ ಎರಡು ಮುಖ್ಯ ಘಟ್ಟಗಳನ್ನು ಮಹಾರಾಷ್ಟ್ರದ ಗೋದಾವರಿ ಸೀಮೆಯಲ್ಲಿ ನೋಡಬಹುದು.

ಮೊದಲನೆಯದು ಇಂದಿನ ಛತ್ರಪತಿ ಸಂಭಾಜಿನಗರ, ಅಂದಿನ ಔರಂಗಾಬಾದ್. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳಂತೆ ಮರಾಠವಾಡವೂ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ವಿಶ್ವವಿದ್ಯಾಲಯವೆಂದರೆ ದೂರದ ಹೈದರಾಬಾದಿನ ಉಸ್ಮಾನಿಯಾ. 1950ರಲ್ಲಿ ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ ಇಲ್ಲಿ ಕಾಲೇಜು ತೆರೆಯಿತು. ಅದಕ್ಕೆ ಬಂದ ಹೆಸರು ಮಿಲಿಂದ, ಆವರಣದ ಹೆಸರು ನಾಗಸೇನವನ. ಬೌದ್ಧ ಸಾಹಿತ್ಯದಲ್ಲಿ ಮಿಲಿಂದ ಪ್ರಶ್ನೆ ಕೇಳುವ ಗ್ರೀಕ್ ದೊರೆ, ನಾಗಸೇನ ಉತ್ತರ ಕೊಡುವ ಭಿಕ್ಷು. ಓದಿನ ಮೊದಲ ಮೆಟ್ಟಿಲೇ ಪ್ರಶ್ನೆ ಎಂಬುದು ಕಾಲೇಜಿನ ಹೆಸರಲ್ಲೇ ಇತ್ತು. 1958ರಲ್ಲಿ ಮರಾಠವಾಡ ವಿಶ್ವವಿದ್ಯಾಲಯವೂ ಬಂತು. ಆದರೆ ಪ್ರಶ್ನೆ ಕೇಳಬೇಕಾದರೆ ನಾಗಸೇನನ ಎದುರು ಬಂದು ಕೂರಬೇಕಲ್ಲ? ಹೊಲ, ಅಂಗಡಿ, ಮನೆ ಬಿಟ್ಟು ಬರಲಾಗದವರ ಗತಿಯೇನು?

ಆ ಪ್ರಶ್ನೆಗೆ ದೇಶದಲ್ಲಿ ಆಗಲೇ ಪ್ರಯತ್ನಗಳು ಶುರುವಾಗಿದ್ದವು. 1962ರಲ್ಲಿ ದೆಹಲಿ, 1969ರಲ್ಲಿ ಮೈಸೂರು ವಿಶ್ವವಿದ್ಯಾಲಯಗಳು ಅಂಚೆಯ ಮೂಲಕ ಪಾಠ ಕಳಿಸತೊಡಗಿದವು. 1982ರಲ್ಲಿ ಹೈದರಾಬಾದಿನಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ, 1985ರಲ್ಲಿ ದೆಹಲಿಯಲ್ಲಿ ಇಗ್ನೋ ಹುಟ್ಟಿದವು. 1989ರ ಜುಲೈಯಲ್ಲಿ ನಾಸಿಕ್‌ನಲ್ಲಿ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ ಆರಂಭವಾಯಿತು. ಪುಣೆ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ರಾಮ್ ತಾಕವಲೆ ಇದರ ಮೊದಲ ಕುಲಪತಿ. ಧ್ಯೇಯವಾಕ್ಯ ‘ಜ್ಞಾನಗಂಗಾ ಘರೋಘರಿ’, ಅಂದರೆ ಮನೆಮನೆಗೂ ಜ್ಞಾನಗಂಗೆ. ನಾಸಿಕ್‌ನ ಜನಕ್ಕೆ ಗೋದಾವರಿಯೇ ಗಂಗೆ, ಹಾಗಾಗಿ ಆ ಮಾತು ಅವರಿಗೆ ಇನ್ನೂ ಹತ್ತಿರದ್ದು. ಹನ್ನೆರಡನೇ ತರಗತಿ ಮುಗಿಸದವರೂ ಪೂರ್ವಸಿದ್ಧತಾ ಪರೀಕ್ಷೆ ದಾಟಿ ಪದವಿಗೆ ಸೇರುವ ದಾರಿಯನ್ನು ಅದು ತೆರೆಯಿತು. ವಾಣಿಜ್ಯ ಪದವಿಯನ್ನು ಮರಾಠಿಯಲ್ಲೇ ಓದಬಹುದಾಯಿತು.

ಮುಕ್ತ ವಿಶ್ವವಿದ್ಯಾಲಯಗಳು ಮಾಡಿದ ದೊಡ್ಡ ಬದಲಾವಣೆ ಪುಸ್ತಕದಲ್ಲಿ. ಪಾಠವನ್ನು ಸಣ್ಣ ಘಟಕಗಳಾಗಿ ಒಡೆದು, ಓದಿದ ಮೇಲೆ ನಿಮಗೇನು ಬರಬೇಕು ಎಂದು ಮೊದಲೇ ಹೇಳಿ, ನಡುನಡುವೆ ‘ನೀವೇ ಪರೀಕ್ಷಿಸಿಕೊಳ್ಳಿ’ ಎಂದು ಪ್ರಶ್ನೆ ಇಟ್ಟು, ಉತ್ತರವನ್ನು ಘಟಕದ ಕೊನೆಗೆ ಹಾಕುವುದು. ನಾಗಸೇನನ ಬದಲು ಪುಸ್ತಕವೇ ಪ್ರಶ್ನೆ ಕೇಳತೊಡಗಿತು.

ಇದೇ ಕಾಲದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬ್ಯಾರಿ ಝಿಮ್ಮರ್‌ಮನ್ ತಾವೇ ಕಲಿಯುವವರು ಏನು ಮಾಡುತ್ತಾರೆ ಎಂದು ಅಧ್ಯಯನ ಮಾಡುತ್ತಿದ್ದರು. ಅವರು ಮುಂದೆ ವಿವರಿಸಿದ ಮೂರು ಹಂತ ಸರಳ: ಕೂರುವ ಮುಂಚೆ ಗುರಿ ಇಟ್ಟುಕೊಳ್ಳುವುದು, ಓದುವಾಗ ತನ್ನನ್ನೇ ಗಮನಿಸುವುದು, ಮುಗಿದ ಮೇಲೆ ಎಲ್ಲಿ ಎಡವಿದೆ ಎಂದು ನೋಡಿ ಮುಂದಿನ ಸಲ ಬದಲಿಸುವುದು. ಇದು ಹುಟ್ಟುಗುಣವಲ್ಲ, ಕಲಿಸಬಹುದಾದ ಕೌಶಲ ಎಂಬುದೇ ಇಲ್ಲಿನ ಮುಖ್ಯ ಮಾತು.

ಲೆಕ್ಕಶಾಸ್ತ್ರಕ್ಕೆ ಇದು ಯಾಕೆ ಇಷ್ಟು ಮುಖ್ಯ? ಎರಡು ಕಡೆ ತಾಳೆಯಾದರೆ ಲೆಕ್ಕ ಸರಿ ಎಂಬ ಭ್ರಮೆ ಹುಟ್ಟಿಸುವ ವಿದ್ಯೆ ಇದು. ಹೊಸ ಯಂತ್ರ ಕೂರಿಸಲು 2,000 ರೂಪಾಯಿ ಕೂಲಿ ಕೊಟ್ಟಿರಿ ಎನ್ನೋಣ. ಅದು ಯಂತ್ರದ ಖಾತೆಗೆ ಹೋಗಬೇಕು. ವಿದ್ಯಾರ್ಥಿ ಕೂಲಿ ಖಾತೆಗೆ ಬರೆದರೂ ತಾಳೆಪಟ್ಟಿ ಚೆನ್ನಾಗಿಯೇ ಕೂಡುತ್ತದೆ. ಆದರೆ ಲಾಭ ಕಡಿಮೆಯಾಗಿ ಕಾಣುತ್ತದೆ, ಆಸ್ತಿಯೂ ಕಡಿಮೆ ಕಾಣುತ್ತದೆ. ಪೂರ್ತಿ ಬಿಟ್ಟುಹೋದ ವ್ಯವಹಾರ, ಒಂದನ್ನೊಂದು ಮುಚ್ಚುವ ಎರಡು ತಪ್ಪುಗಳು, ಇವೂ ತಾಳೆಪಟ್ಟಿಯ ಕಣ್ಣಿಗೆ ಬೀಳುವುದಿಲ್ಲ. ಕೂಡದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಮುಂದೆ ಹೋಗಬಹುದು. ಓದಿನಲ್ಲೂ ನಾವು ಹೀಗೇ ಮಾಡುತ್ತೇವೆ. ಹಿಂದಿನ ಉತ್ತರ ನೋಡಿ ‘ಹೌದು, ಗೊತ್ತಿತ್ತು’ ಎಂದುಕೊಂಡು ಅರ್ಥವಾಗದ್ದನ್ನು ಸಸ್ಪೆನ್ಸ್‌ಗೆ ಹಾಕುತ್ತೇವೆ. ಪರೀಕ್ಷೆಯ ದಿನ ಆ ಬಾಕಿ ಎದುರು ನಿಲ್ಲುತ್ತದೆ.

ಪುಸ್ತಕದ ಮಿತಿಯೂ ಇಲ್ಲೇ. ಅದು ಪ್ರಶ್ನೆ ಕೇಳಬಲ್ಲದು, ಓದುವವರು ಉತ್ತರವನ್ನು ಕದ್ದು ನೋಡಿದರೇ ಎಂದು ತಿಳಿಯಲಾರದು. ಹಾಗಾಗಿ ಯಾರಾದರೂ ಮೊದಲು ಆ ಅಭ್ಯಾಸ ಹಚ್ಚಬೇಕು. ಮೇಷ್ಟ್ರು ಹಲಗೆಯ ಮೇಲೆ ಉತ್ತರ ಬರೆಯುವ ಬದಲು, ‘ಇದು ಯಾವ ಖಾತೆ, ಯಾಕೆ’ ಎಂದು ತಮ್ಮ ಯೋಚನೆಯನ್ನೇ ಬಾಯಿಬಿಟ್ಟು ಹೇಳಬಹುದು. ವಿದ್ಯಾರ್ಥಿಯಿಂದ ತಪ್ಪುಗಳ ಖಾತೆಯೊಂದನ್ನು ಬರೆಸಬಹುದು: ತಾರೀಖು, ಮಾಡಿದ ತಪ್ಪು, ಅದರ ಜಾತಿ, ಕಾರಣ. ತಿಂಗಳಾದ ಮೇಲೆ ಯಾವ ತಪ್ಪು ಮತ್ತೆ ಮತ್ತೆ ಬರುತ್ತಿದೆ ಎಂದು ಅವರಿಗೇ ಕಾಣುತ್ತದೆ. ಲೆಕ್ಕ ಬರೆಯುವುದನ್ನು ಕಲಿಯುವವರಿಗೆ ತಮ್ಮದೇ ಲೆಕ್ಕ ಇಡುವುದು ಕಷ್ಟವಾಗಬಾರದು.

ಇಂದು ತಾಳೆ ಹಾಕುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಯಂತ್ರದ ಕೂಲಿ ಯಾವ ಖಾತೆಗೆ ಎಂದು ನಿರ್ಧರಿಸುವ ಕೆಲಸ ಮಾತ್ರ ಮನುಷ್ಯರಿಗೆ ಉಳಿದಿದೆ. 1996ರಲ್ಲಿ ಮೈಸೂರಿನ ಅಂಚೆ ಪಾಠವೂ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು, ಅಲ್ಲೂ ಇದೇ ಸವಾಲು. ಮನೆಯಲ್ಲಿ ಓದಿದವರಿದ್ದರೆ ಹೇಗೆ ಓದಬೇಕೆಂಬುದು ನೋಡಿಯೇ ಬರುತ್ತದೆ. ಮನೆಯ ಮೊದಲ ಪದವೀಧರರಿಗೆ ಅದನ್ನು ಯಾರಾದರೂ ಹೇಳಿಕೊಡಬೇಕು. ಹೇಳಿಕೊಡದೆ ‘ಅವರೇ ಓದಿಕೊಳ್ಳುತ್ತಾರೆ’ ಎಂದರೆ ಅದು ಸ್ವಾತಂತ್ರ್ಯವಲ್ಲ, ಕೈಬಿಟ್ಟಂತೆ. ಗಂಗೆ ಮನೆ ಬಾಗಿಲಿಗೆ ಬಂದರೆ ಸಾಲದು, ಕೈಯಲ್ಲಿ ಕೊಡವೂ ಇರಬೇಕು.