ಸೋಮನಾಥಪುರದ ಆನೆಗಳ ಸಾಲು

ಹೊಯ್ಸಳ ದೇವಾಲಯವೆಂದೊಡನೆ ನಮ್ಮ ನಾಲಗೆಗೆ ಬರುವ ಮಾತು ‘ಕುಸುರಿ ಕೆಲಸ’. ಕಲ್ಲಿನಲ್ಲಿ ಮೂಡಿದ ಬಳೆ, ಮುಂಗುರುಳು, ಹೂಬಳ್ಳಿಗಳನ್ನು ಕಂಡು ಬೆರಗಾಗುತ್ತೇವೆ. ತರಗತಿಯಲ್ಲಿ ನಾನೂ ಬಹುಕಾಲ ಇದನ್ನೇ ಹೇಳಿಕೊಂಡು ಬಂದವನು. ಮಾತು ಸುಳ್ಳಲ್ಲ, ಆದರೆ ಅದು ಅರ್ಧಸತ್ಯವೆಂಬುದನ್ನು ನನಗೆ ಕಲಿಸಿದ್ದು ಸೋಮನಾಥಪುರದ ಕೇಶವಾಲಯ.

ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಈ ಗುಡಿಯನ್ನು ಕಟ್ಟಿಸಿದನು. ಒಮ್ಮೆ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ, ನಾನು ಎಂದಿನಂತೆ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ವಿಗ್ರಹಗಳ ಕೆಳಗಿನ ಶಿಲ್ಪಿಗಳ ಹೆಸರನ್ನು ಓದುತ್ತಿದ್ದೆ. ಅಂಗಳದ ಅಂಚಿನಲ್ಲಿದ್ದ ಹುಡುಗನೊಬ್ಬ ಕೇಳಿದ: “ಸಾರ್, ಇಷ್ಟೊಂದು ಕೆತ್ತನೆಯಿದ್ದರೂ ಕಣ್ಣಿಗೆ ಗಜಿಬಿಜಿ ಎನಿಸುವುದಿಲ್ಲವಲ್ಲ, ಏಕೆ?” ನನ್ನಲ್ಲಿ ಉತ್ತರವಿರಲಿಲ್ಲ. ಸುಮ್ಮನೆ ಹೋಗಿ ಅವನ ಪಕ್ಕದಲ್ಲಿ ನಿಂತೆ.

ಅಲ್ಲಿಂದ ಮೊದಲು ಕಂಡದ್ದು ವಿಗ್ರಹವಲ್ಲ, ರೇಖೆ. ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಅಡ್ಡಪಟ್ಟಿಕೆಗಳು: ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ತೂಕದ ಪ್ರಾಣಿ ತಳದಲ್ಲಿದೆ, ಹಾರುವ ಹಕ್ಕಿ ಮೇಲಿದೆ. ಕಟ್ಟಡದ ಭಾರ ಎಲ್ಲಿ ನಿಂತಿದೆಯೆಂಬುದನ್ನು ಕಣ್ಣು ತಾನಾಗಿ ತಿಳಿಯುತ್ತದೆ. ಆನೆಯ ಹಿಂದೆ ಆನೆ ನಡೆಯುವುದು ತಾಳ ಹಾಕಿದಂತೆ. ಆ ತಾಳ ತಪ್ಪದಿರುವುದರಿಂದಲೇ ನಡುವಿನ ಕಥಾಪಟ್ಟಿಕೆ ರಾಗದಂತೆ ಮನಸ್ವಿಯಾಗಿ ವಿಹರಿಸಬಲ್ಲುದು. ಎಲ್ಲ ಪಟ್ಟಿಕೆಗಳೂ ಕಥೆಯನ್ನೇ ಹೇಳಹೊರಟಿದ್ದರೆ ಒಂದು ಕಥೆಯೂ ನಮಗೆ ಕೇಳಿಸುತ್ತಿರಲಿಲ್ಲ.

ಮುಂದೆ ಆಕಾರ. ಮೂರು ಗರ್ಭಗುಡಿಗಳ ಹೊರಗೋಡೆಗಳೂ ಹದಿನಾರು ಮೂಲೆಗಳ ನಕ್ಷತ್ರದಂತಿವೆ. ಗೋಡೆ ಒಮ್ಮೆ ಮುಂಚಾಚಿ ಒಮ್ಮೆ ಹಿಂಜರಿಯುವುದರಿಂದ ಬಿಸಿಲಿಗೊಂದು ಮುಖ, ನೆರಳಿಗೊಂದು ಮುಖ. ಒಂದು ವಿಗ್ರಹವನ್ನು ಮತ್ತೊಂದರಿಂದ ಬೇರ್ಪಡಿಸುವ ಕೆಲಸವನ್ನು ಶಿಲ್ಪಿಯು ಸೂರ್ಯನಿಗೆ ಒಪ್ಪಿಸಿದ್ದಾನೆ! ಕೆಳಗಿನ ಜಗತಿಯೂ ಇದೇ ಆಕಾರವನ್ನು ಅನುಸರಿಸುತ್ತದೆ. ಆದರೆ ಅದರ ಮೇಲ್ಮೈ ಬರಿದು. ಆ ಬರಿದಾದ ಜಾಗ ಕಣ್ಣಿನ ವಿಶ್ರಾಂತಿಗೆ, ಕಾಲಿನ ಪ್ರದಕ್ಷಿಣೆಗೆ. ಮೇಲೆ ಮೂರು ಶಿಖರಗಳು ಸಮತೂಕದಲ್ಲಿ ನಿಂತಿವೆ.

ಇಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ಅನೇಕ ವಿಗ್ರಹಗಳ ಕೆಳಗೆ ತನ್ನ ಹೆಸರನ್ನು ಕೊರೆದಿದ್ದಾನೆ. ಕೀರ್ತಿಯ ಆಸೆ ಅವನಿಗಿರಲಿಲ್ಲವೆನ್ನಲಾಗದು. ಆದರೂ ಅವನ ಒಂದು ವಿಗ್ರಹವೂ ಸಾಲು ಮೀರಿ ಮುಂದೆ ನುಗ್ಗಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದು ವಾದಿಸಿದನು. ಆ ತತ್ತ್ವವನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದ ನನಗೆ ಅದು ಕಣ್ಣಿಗೆ ಕಂಡದ್ದು ಅಂದು, ಶಿಷ್ಯನೊಬ್ಬನ ಪ್ರಶ್ನೆಯಿಂದ.

2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಸೋಮನಾಥಪುರವೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಈಗಲೂ ನಾನು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುತ್ತೇನೆ. ಮಲ್ಲಿತಮ್ಮನ ಹೆಸರನ್ನು ಓದಿಸುವುದು ಆಮೇಲೆ. ಮೊದಲು ಅಂಗಳದ ಅಂಚಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲಿಸುತ್ತೇನೆ.