ಮುಳುಗಾಳಿನ ಉಸಿರು

ಚಳಿಗಾಲದ ರಾತ್ರಿ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಮಲಗಿದಾಗ ಸ್ವಲ್ಪ ಹೊತ್ತಿನಲ್ಲೇ ಉಸಿರು ಕಟ್ಟಿದಂತಾಗುವುದನ್ನು ನೀವು ಬಲ್ಲಿರಿ. ಆಮ್ಲಜನಕ ಮುಗಿಯುವ ಮೊದಲೇ ನಾವು ಹೊರಬಿಟ್ಟ ಇಂಗಾಲದ ಡೈ ಆಕ್ಸೈಡ್ ನಮ್ಮನ್ನು ಕಾಡತೊಡಗುತ್ತದೆ. ಹೊರಬಂದ ಉಸಿರಿನಲ್ಲಿ ನೂರಕ್ಕೆ ಸುಮಾರು 16 ಪಾಲು ಆಮ್ಲಜನಕ ಇನ್ನೂ ಉಳಿದಿರುತ್ತದೆ. ಅದರೊಡನೆ ಬಂದ ಸುಮಾರು 4 ಪಾಲು ಇಂಗಾಲದ ಡೈ ಆಕ್ಸೈಡನ್ನು ನೀಗಿ, ವೆಚ್ಚವಾದ ಆಮ್ಲಜನಕವನ್ನು ತುಂಬಿಕೊಟ್ಟರೆ ಅದೇ ಉಸಿರನ್ನು ಮತ್ತೆ ಬಳಸಬಹುದು.

ಇಂಗ್ಲೆಂಡಿನ ಹೆನ್ರಿ ಫ್ಲೂಸ್ 1878ರಲ್ಲಿ ಈ ಉಪಾಯಕ್ಕೆ ರೂಪು ಕೊಟ್ಟನು. ಅವನ ಉಪಕರಣದಲ್ಲಿ ಆಮ್ಲಜನಕದ ತಾಮ್ರದ ಪಾತ್ರೆ, ರಬ್ಬರಿನ ಮುಖವಾಡ, ಉಸಿರಿನ ಚೀಲ ಇದ್ದವು. ಉಸಿರನ್ನು ಶುದ್ಧಿ ಮಾಡುತ್ತಿದ್ದುದು ದಾಹಕ ಪೊಟ್ಯಾಷಿನಲ್ಲಿ ತೊಯ್ಸಿದ ಹಗ್ಗದ ಎಳೆಗಳು.

ಪರೀಕ್ಷೆಯ ಕಾಲ ಬೇಗನೆ ಬಂದಿತು. ಸೆವೆರ್ನ್ ನದಿಯ ಕೆಳಗೆ ತೋಡುತ್ತಿದ್ದ ರೈಲು ಸುರಂಗಕ್ಕೆ 1879ರಲ್ಲಿ ನೆಲದೊಳಗಿನ ಬುಗ್ಗೆಯ ನೀರು ನುಗ್ಗಿತು. ಪಂಪುಗಳು ಗೆಲ್ಲಬೇಕಾದರೆ, ಸಾವಿರ ಅಡಿ ಆಚೆ ತೆರೆದೇ ಉಳಿದಿದ್ದ ಕಬ್ಬಿಣದ ಬಾಗಿಲನ್ನು ಮುಚ್ಚಬೇಕಾಗಿತ್ತು. 1880ರ ನವೆಂಬರಿನಲ್ಲಿ ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗಾಳು ಆ ಕೆಲಸಕ್ಕಿಳಿದನು. ಗಾಳಿಯ ಕೊಳವೆಯನ್ನು ಅಷ್ಟು ದೂರ ಎಳೆದೊಯ್ಯಲಾಗದೆ ಸೋತು, ಕೊನೆಗೆ ಫ್ಲೂಸನ ಉಪಕರಣವನ್ನು ಕಟ್ಟಿಕೊಂಡು ಕಗ್ಗತ್ತಲಲ್ಲಿ ತಡವರಿಸುತ್ತ ನಡೆದನು. ಮೊದಲ ಸಲ ಬಾಗಿಲಿಗೆ ಅಡ್ಡವಾಗಿದ್ದ ಕಂಬಿಗಳಲ್ಲಿ ಒಂದನ್ನು ಮಾತ್ರ ಕೀಳಲಾಯಿತು. ಮತ್ತೊಮ್ಮೆ ಹೋಗಿ ಬಾಗಿಲನ್ನು ಮುಚ್ಚಿದನು.

ಮುಂದೆ ಹಗ್ಗದ ಸ್ಥಾನಕ್ಕೆ ಸೋಡಾ ಸುಣ್ಣದ ಹರಳುಗಳನ್ನು ತುಂಬಿದ ಡಬ್ಬಿ ಬಂದಿತು. ಅದರ ರಚನೆಯ ತೊಡಕನ್ನು ತಿಳಿಯಲು ನಿಮ್ಮ ಮನೆಯ ಕಾಫಿ ಫಿಲ್ಟರನ್ನೇ ನೆನೆಯಿರಿ. ಪುಡಿ ತೀರ ನುಣ್ಣಗಿದ್ದರೆ ಡಿಕಾಕ್ಷನ್ ಇಳಿಯದು. ತೀರ ತರಿಯಾದರೆ ನೀರು ಸಾರವಿಲ್ಲದೆ ಇಳಿದುಹೋಗುತ್ತದೆ. ಹರಳು ಸಣ್ಣದಾದರೆ ಉಸಿರೆಳೆಯುವುದೇ ಶ್ರಮ. ದಪ್ಪವಾದರೆ, ಅಥವಾ ಸಡಿಲವಾಗಿ ತುಂಬಿದರೆ, ಉಸಿರು ಸಂದಿನಲ್ಲಿ ನುಸುಳಿ ಹಾಗೆಯೇ ಮರಳುತ್ತದೆ. ಡಬ್ಬಿ ಚಿಕ್ಕದಾದರೆ ದುಡಿಯುವವನ ಬಿರುಸಾದ ಉಸಿರಿಗೆ ಸುಣ್ಣದೊಡನೆ ಬೆರೆಯಲು ಹೊತ್ತು ಸಾಲದು, ದೊಡ್ಡದಾದರೆ ಹೊರೆ. ತಣ್ಣೀರಿನಲ್ಲಿ ಸುಣ್ಣದ ಶಕ್ತಿ ಕುಗ್ಗುತ್ತದೆ. ನೀರು ಒಳಹೊಕ್ಕರೆ ಸುಡುವ ಕ್ಷಾರ ಬಾಯಿಗೆ ಬರಬಹುದು. ಕೆಲವು ಡಬ್ಬಿಗಳಲ್ಲಿ ಉಸಿರು ತುದಿಯಿಂದ ತುದಿಗೆ ಸಾಗುತ್ತದೆ. ಇನ್ನು ಕೆಲವುಗಳಲ್ಲಿ ನಡುವಿಗೂ ಅಂಚಿಗೂ ಅಡ್ಡಲಾಗಿ ಹರಿಯುತ್ತದೆ. ಹಾದಿ ಅಗಲವಾದಷ್ಟೂ ಉಸಿರಿನ ವೇಗ ತಗ್ಗುವುದು.

ಸುಣ್ಣ ಸೋತಾಗ ಏದುಸಿರೂ ತಲೆನೋವೂ ಕಾಣಿಸಿಕೊಳ್ಳುತ್ತವೆ. ಆ ಸೂಚನೆಯನ್ನು ಅರಿಯಬೇಕಾದ ಬುದ್ಧಿ ಆ ವೇಳೆಗೆ ಮಂಕಾಗಿರುವುದೂ ಉಂಟು. ಆದುದರಿಂದ ಡಬ್ಬಿಯ ಅಳತೆಯಲ್ಲಿ ಹಿಂದಿರುಗುವ ದಾರಿಯೂ ಸೇರಿರಬೇಕು. ಲ್ಯಾಂಬರ್ಟ್ ಬಾಗಿಲು ಮುಚ್ಚಿದಾಗ ಮರಳಿ ಬರುವ ಸಾವಿರ ಅಡಿ ಅವನ ಮುಂದೆ ಇನ್ನೂ ಉಳಿದಿತ್ತು.